ಅವ್ವ ಒಲೆ ಹಚ್ಚದ ವರ್ಷ

ಅಲ್ಲ ಕಣ್ರೋ, ಸಿಲಿಂಡರ್ ಖಾಲಿ ಆಯ್ತು ಅಂದ ತಕ್ಷಣ ಹೋಟ್ಲಿಂದ ತರಿಸೋಣ ಅಂತಾಳೆ ನಿಮ್ಮಮ್ಮ, ಸೌದೆ ಒಲೆ ಹಚ್ಚೋಕೆ ಅಜ್ಜಿಗೆ ಬರುತ್ತಾ ಅಂತ ನೀವು ನಗ್ತೀರಿ. ಬರುತ್ತಾ ಅಂತ ಕೇಳ್ತೀರಾ ನನ್ನ? ಒಂದು ಕಾಲದಲ್ಲಿ, ಹೆಚ್ಚುಕಮ್ಮಿ ಒಂದು ವರ್ಷ, ನಮ್ಮನೇಲಿ ಒಲೆ ಹಚ್ತಿದ್ದದ್ದು ನಾನೊಬ್ಬಳೇ. ಅವ್ವ ಇರಲಿಲ್ವಾ ಅಂದ್ರೆ, ಇದ್ದಳು, ಗಟ್ಟಿಮುಟ್ಟಾಗೇ ಇದ್ದಳು, ಕೈಗೆ ಕಾಲಿಗೆ ಏನೂ ಆಗಿರಲಿಲ್ಲ. ತರಕಾರಿ ಹೆಚ್ಚಿಕೊಡೋಳು, ಹಿಟ್ಟು ಕಲಸಿಕೊಡೋಳು, ನಾನು ಬೆಂಕಿಪೊಟ್ಟಣ ಕೈಗೆ ತಗೊಂಡ್ರೆ ಸಾಕು, ಎದ್ದು ಹಿತ್ತಿಲಿಗೆ ಹೋಗ್ಬಿಡೋಳು. ಯಾಕೆ ಅಂದ್ರೆ ನಮ್ಮಣ್ಣ. ಮಲ್ಲಣ್ಣ. ಒಳಗೆ ಫೋಟೋ ಇದೆಯಲ್ಲ, ಟೋಪಿ ಒಂಚೂರು ಓರೆ ಮಾಡ್ಕೊಂಡು ನಿಂತಿರೋದು, ಅವನೇ. ನಿಮ್ಮಮ್ಮಂಗೆ ಸೋದರಮಾವ ಆಗ್ಬೇಕು, ಆದ್ರೆ ಅವಳು ನೋಡಿಲ್ಲ, ಅವಳು ಹುಟ್ಟೋ ಮೊದಲೇ ಹೋದ. ಚೀನಾ ಯುದ್ಧದ ಟೈಮಲ್ಲಿ ಹೆಲಿಕಾಪ್ಟರ್ ಬಿದ್ದು ಹೋದ. ಕೇಳಿದೋರಿಗೆಲ್ಲ ನಾನು ಅಷ್ಟೇ ಹೇಳೋದು, ಬಿದ್ದು ಹೋದ ಅಂತ. ಪೂರ್ತಿ ಹೇಳಿಲ್ಲ ಇನ್ನೂ. ಕೂತ್ಕೊಳ್ಳಿ, ಆ ಫೋನು ಆ ಕಡೆ ಇಡು ಮಾರಾಯ, ಅದೇನು ಓಡಿಹೋಗಲ್ಲ.

ಆಗ ನಾವಿದ್ದದ್ದು ಭದ್ರಾವತಿ ಓಲ್ಡ್ ಟೌನಲ್ಲಿ, ಬಾಡಿಗೆ ಮನೆ. ಅಡುಗೆಮನೆ ಕಿಟಕಿ ತೆಗೆದ್ರೆ ಹೊಳೆ ಆಚೆ ಕಬ್ಬಿಣದ ಕಾರ್ಖಾನೆ ಚಿಮಣಿ ಕಾಣೋದು. ಅಪ್ಪಂಗೆ ಅಲ್ಲೇ ಕೆಲಸ, ಕುಲುಮೆ ಮುಂದೆ. ಅಪ್ಪನ ಖಾಕಿ ಅಂಗಿ ತುಂಬಾ ಕಿಡಿ ಹಾರಿ ಹಾರಿ ಸಣ್ಣ ಸಣ್ಣ ತೂತು. ಸಂಜೆ ಹೊತ್ತು ಕಿಟ್ಟ ಸುರಿಯೋರು, ಕಿಟ್ಟ ಅಂದ್ರೆ ಕಬ್ಬಿಣ ಕರಗಿಸಿದ ಮೇಲೆ ಉಳಿಯೋ ಕಸ ಕಣೆ, ಅದನ್ನ ಸುರಿದಾಗ ಆ ಕಡೆ ಆಕಾಶ ಎಲ್ಲ ಕೆಂಪಗಾಗೋದು. ಊರಿಗೆ ಹೊಸಬರು ಬಂದ್ರೆ ಎಲ್ಲೋ ಬೆಂಕಿ ಬಿತ್ತು ಅಂತ ಓಡಿಬರೋರು. ನಮಗೆ ಅದು ದೇವರ ದೀಪ ಹಚ್ಚೋ ಹೊತ್ತಾಯ್ತು ಅಂತ ಲೆಕ್ಕ. ಅಪ್ಪನಿಗೆ ಆಸೆ, ಮಗನೂ ಅಲ್ಲೇ ಸೇರ್ಲಿ, ಅಂತ. ಸೇರಿದ, ಸೇರಲಿಲ್ಲ ಅಂತಲ್ಲ, ಒಂದಷ್ಟು ದಿವಸ ಹೋದ. ಮೈಯೆಲ್ಲ ಬೆವರುಗುಳ್ಳೆ ಎದ್ದು ವಾಪಸ್ ಬಂದ. "ಅಪ್ಪ, ಈ ಬೆಂಕಿ ಮುಂದೆ ನನ್ನ ಕೈಲಾಗಲ್ಲ, ನಾನು ತಣ್ಣಗಿರೋ ಕಡೆ ಕೆಲಸ ಹುಡುಕ್ತೀನಿ" ಅಂದ. ಶಿವಮೊಗ್ಗದಲ್ಲಿ ಮಿಲಿಟರಿಗೆ ಆಳು ತಗೋತಿದ್ರು, ಹೋಗಿ ಎದೆ ಅಳೆಸ್ಕೊಂಡು ಸೇರೇಬಿಟ್ಟ. ತಣ್ಣಗಿರೋ ಕಡೆ ಅಂದ್ನಲ್ಲ, ಹಿಮಾಲಯಕ್ಕೇ ಹಾಕಿದ್ರು ಅವನನ್ನ.

ಕೊನೇ ಸಲ ರಜಾಕ್ಕೆ ಬಂದಿದ್ದನಲ್ಲ, ಆವಾಗ ನಡೆದಿದ್ದು ಇದು, ಇದನ್ನ ನೆನಪಿಟ್ಕೊಳ್ಳಿ. ನಮ್ಮ ಜನರಿಗೆ ಚಿಕ್ಕಂದಿನಲ್ಲೇ ಕೊರಳಿಗೆ ಲಿಂಗ ಕಟ್ತಾರೆ, ಗೊತ್ತಲ್ಲ. ಕರಡಿಗೇಲಿ, ಅಂದ್ರೆ ಪುಟ್ಟ ಡಬ್ಬೀಲಿ, ಇಟ್ಟು ಕಟ್ಟಿದ್ದನ್ನ ಸಾಯೋವರೆಗೂ ಬಿಡೋ ಹಾಗಿಲ್ಲ, ಸತ್ತ ಮೇಲೂ ಬಿಡೋ ಹಾಗಿಲ್ಲ. ನಮ್ಮಲ್ಲಿ ಸುಡೋದಿಲ್ಲ. ಮಣ್ಣು ಮಾಡೋದು, ಕೂರಿಸಿ, ಹಣೆಗೆ ವಿಭೂತಿ ಬಳಿದು, ಲಿಂಗಾನ ಅವರ ಎಡಗೈಯಲ್ಲಿಟ್ಟು. ಅಣ್ಣನದು ಬೆಳ್ಳಿ ಕರಡಿಗೆ, ನಮ್ಮಜ್ಜಂದು. ರಜಾಕ್ಕೆ ಬಂದೋನು ಅವ್ವನ ಹತ್ರ ಹೇಳ್ತಾನೆ, "ಅವ್ವ, ಅಲ್ಲಿ ಪೂಜೆ ಮಾಡೋಕೆ ನೀರೇ ಕಲ್ಲಾಗಿರುತ್ತೆ. ಇದೆಲ್ಲಾದ್ರೂ ಜಾರಿ ಬಿದ್ದುಹೋದ್ರೆ ಅಂತ ಹೆದರಿಕೆ. ಇಲ್ಲೇ ಇಟ್ಟು ಹೋಗ್ಲಾ?" ಅವ್ವ ಕೇಳಬೇಕಲ್ಲ. ಅಪ್ಪನ ಹಳೇ ಖಾಕಿ ಅಂಗೀಲಿ ತೂತಿಲ್ಲದ ಕಡೆ ಒಂದು ತುಂಡು ಕತ್ತರಿಸಿದಳು, ಚೀಲ ಮಾಡಿದಳು, ಕರಡಿಗೆ ಒಳಗಿಟ್ಟಳು, ಜೊತೆಗೆ ಒಂದು ಚೂರು ವಿಭೂತಿ ಗಟ್ಟೀನೂ ಇಟ್ಟಳು, ಇಟ್ಟು ಬಾಯಿ ಹೊಲಿದುಬಿಟ್ಟಳು. ಹೊಲಿದಳು ಅಂದ್ರೆ ಎಂಥಾ ಹೊಲಿಗೆ, ಗೋಣಿಚೀಲ ಹೊಲಿಯೋ ಸೂಜೀಲಿ, ದಾರ ಮಡಚಿ ಮಡಚಿ. "ಪೂಜೆ ಆಗದಿದ್ರೆ ಚಿಂತೆಯಿಲ್ಲ, ಮೈಮೇಲಿದ್ರೆ ಸಾಕು. ವಾಪಸ್ ಬಾ, ನಾನೇ ಬಿಚ್ತೀನಿ" ಅಂದಳು. ಅಣ್ಣ ಅದನ್ನ ಎಳೆದು ನೋಡಿ ನಕ್ಕ. ಮನೇಲಿ ನಾವು ನಾಲ್ಕು ಜನ ಬಿಟ್ರೆ ಆ ಚೀಲದ ವಿಷ್ಯ ಇನ್ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಯುದ್ಧ ಬಂತು. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಕಾಫಿಗೆ ಬೆಲ್ಲ. ಸ್ಕೂಲಲ್ಲಿ ನಮಗೆಲ್ಲ ಉಲ್ಲನ್ನು ಕೊಟ್ಟು ಜವಾನರಿಗೆ ಸ್ವೆಟರ್ ಹೆಣೀರಿ ಅಂದ್ರು. ಭದ್ರಾವತಿ ಹುಡುಗೀರು ನಾವು, ಸ್ವೆಟರ್ ಹಾಕ್ಕೊಂಡೇ ಗೊತ್ತಿಲ್ಲ, ಹೆಣೆಯೋದು ಎಲ್ಲಿಂದ ಬರುತ್ತೆ. ನಾನು ಹೆಣೆದಿದ್ದು ಒಂದು ತೋಳು ಮೊಣಕೈಗೆ ಬಂದ್ರೆ ಇನ್ನೊಂದು ತೋಳು ಬೆರಳು ದಾಟಿ ಹೋಗೋದು. ಟೀಚರ್ರು ಅದನ್ನೂ ಗಂಟಿಗೆ ಹಾಕಿ ಕಳಿಸಿದ್ರು. ಈಗಲೂ ಒಂದೊಂದು ಸಲ ಅನ್ಸುತ್ತೆ, ಯಾವ ಪುಣ್ಯಾತ್ಮ ಅದನ್ನ ಹಾಕ್ಕೊಂಡ್ನೋ, ನನ್ನ ಎಷ್ಟು ಬೈಕೊಂಡ್ನೋ. ಅದಿರ್ಲಿ. ಏನು ಹೇಳ್ತಿದ್ದೆ, ಹಾಂ, ಟೆಲಿಗ್ರಾಂ. ಟೆಲಿಗ್ರಾಂ ಇಂಗ್ಲಿಷಲ್ಲಿತ್ತು, ಪಕ್ಕದ ಮನೆ ಮೇಷ್ಟ್ರು ಓದಿದ್ರು. ಓದಿ ಅಪ್ಪನ ಭುಜದ ಮೇಲೆ ಕೈಯಿಟ್ಟು ಹಾಗೇ ನಿಂತ್ರು. ಹೆಲಿಕಾಪ್ಟರ್ ಅಪಘಾತ, ಅಷ್ಟೇ ಇದ್ದದ್ದು ಅದರಲ್ಲಿ. ಎಲ್ಲಿ, ಹೇಗೆ, ಹೆಣ ಬರುತ್ತೋ ಇಲ್ವೋ, ಒಂದೂ ಇಲ್ಲ. ಬರಲಿಲ್ಲ. ಆಗೆಲ್ಲ ಈಗಿನ ಹಾಗೆ ಪೆಟ್ಟಿಗೇಲಿಟ್ಟು, ಬಾವುಟ ಹೊದಿಸಿ ಊರಿಗೆ ಕಳಿಸ್ತಿರಲಿಲ್ಲ ಕಣ್ರೋ. ಸತ್ತೋರು ಸತ್ತಲ್ಲೇ.

ಅಳೋದು ಅತ್ತಾಯ್ತು. ಅವ್ವನೂ ಅತ್ತಳು, ಅಳಲಿಲ್ಲ ಅಂತಲ್ಲ. ಆದ್ರೆ ಅವಳ ಮನಸ್ಸು ಕೆಡಿಸಿದ್ದು ನಮ್ಮ ಮಾವ, ಅವಳ ತಮ್ಮ. ಶಿವಮೊಗ್ಗ ಗಾಂಧಿ ಬಜಾರಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೋನು, ರೇಡಿಯೋ ಇದ್ದದ್ದು ನಮ್ಮ ಪೈಕಿ ಅವನೊಬ್ಬನ ಮನೇಲೇ, ಹಾಗಾಗಿ ಲೋಕದಲ್ಲಿ ಅವನಿಗೆ ಗೊತ್ತಿಲ್ಲದ್ದು ಇಲ್ಲ. ಕೆಟ್ಟೋನಲ್ಲ ಪಾಪ, ಟೆಲಿಗ್ರಾಂ ವಿಷ್ಯ ಕೇಳಿ ಸಿಕ್ಕಿದ ರೈಲಿಗೆ ಓಡಿಬಂದೋನು ಅವನೇ. ಆದ್ರೆ ಬಾಯಿ ನೋಡು, ಅದು ಸುಮ್ಮನಿರಬೇಕಲ್ಲ. ಹತ್ತು ಜನ ಕೂತಿದ್ದಾರೆ, ಯಾರೋ ಕೇಳಿದ್ರು, ಮಣ್ಣಾದ್ರೂ ಮಾಡಿರ್ತಾರೋ ಇಲ್ವೋ ಅಂತ. ಮಾವ ದೊಡ್ಡ ಗಂಟಲಲ್ಲಿ, "ಮಣ್ಣು ಎಲ್ಲಿಂದ ಮಾಡ್ತಾರೆ? ಹೆಲಿಕಾಪ್ಟರ್ ತುಂಬಾ ಪೆಟ್ರೋಲ್ ಇರುತ್ತೆ, ನೆಲಕ್ಕೆ ಬಿತ್ತು ಅಂದ್ರೆ ಧಗ್ ಅಂತ ಹತ್ಕೊಳ್ಳುತ್ತೆ. ಮಿಕ್ಕಿದ್ದನ್ನ ಮಿಲಿಟರಿಯೋರು ಒಟ್ಟಿಗೇ ಸುಟ್ಟುಬಿಡ್ತಾರೆ" ಅಂದ. ಬಾಗಿಲ ಸಂದೀಲಿ ಅವ್ವ ನಿಂತಿದ್ದಳು. ಅವಳ ಮುಖ ನೋಡಿದೋಳು ನಾನೊಬ್ಬಳೇ. ಅವತ್ತಿಂದ ಶುರುವಾಯ್ತು ನೋಡಿ. ಒಲೆ ಹತ್ರ ಬರಲ್ಲ. ಸಂಜೆ ಆಕಾಶ ಕೆಂಪಾಗೋ ಹೊತ್ತಿಗೆ ಸರಿಯಾಗಿ ಅಡುಗೆಮನೆ ಕಿಟಕಿ ಹಾಕಿ ಅಗಳಿ ಜಡಿಯೋಳು. ಅಪ್ಪನ ಅಂಗಿ ಒಗೆಯೋಕೆ ಕೊಟ್ರೆ ಕೈಯಲ್ಲಿ ಹಿಡ್ಕೊಂಡು ಆ ತೂತನ್ನೇ ನೋಡ್ತಾ ಕೂರೋಳು. ಅಪ್ಪ ಮಾತು ಕಮ್ಮಿ. ಒಂದಿನ ಹೋಗಿ ಮೇಲಿನೋರನ್ನ ಕೇಳ್ಕೊಂಡು ಕುಲುಮೆ ಕೆಲಸ ಬಿಟ್ಟು ಗೇಟಿಗೆ ಹಾಕಿಸ್ಕೊಂಡ. ಆದ್ರೂ ಮನೆಗೆ ಬರೋ ಮುಂಚೆ ಹೊಳೇಲಿ ಮುಳುಗಿ ಬರೋನು, ಮೈಮೇಲೆ ಹೊಗೆ ವಾಸನೆ ಇರಬಾರ್ದು ಅಂತ.

ಸ್ವಲ್ಪ ದಿನಕ್ಕೆ ಅಣ್ಣನ ಟ್ರಂಕು ಬಂತು. ಅವನ ಬಟ್ಟೆ, ಕನ್ನಡಿ, ಶೇವಿಂಗ್ ಬ್ರಷ್ಷು, ಕೈಗಡಿಯಾರ, ನಾನು ಕೊಟ್ಟಿದ್ದ ಕರ್ಚೀಫು. ಅವ್ವ ಒಂದೊಂದನ್ನೂ ಎತ್ತಿ ಎತ್ತಿ ನೋಡಿದಳು, ಕೊನೆಗೆ ಟ್ರಂಕನ್ನೇ ಬೋರಲು ಹಾಕಿದಳು. ಲಿಂಗ ಇಲ್ಲ. ಮಾವ ಅಲ್ಲೇ ಇದ್ದ, "ಬೆಳ್ಳಿ ಅಲ್ವಾ ಅಕ್ಕ, ಯಾರೋ ಹೊಡ್ಕೊಂಡಿರ್ತಾರೆ" ಅಂದ. ಅಪ್ಪ ಅವನ ಕಡೆ ಒಂದು ಸಲ ನೋಡಿದ, ಅಷ್ಟೇ. ಅಯ್ನೋರು ಬಂದ್ರು, ನಮ್ಮ ಮಠದೋರು, ಶಿವಗಣಾರಾಧನೆ ಯಾವತ್ತು ಇಟ್ಕೊಳ್ಳೋಣ ಅಂತ ಕೇಳೋಕೆ. ಅದೇ, ಸತ್ತೋರ ಹೆಸರಲ್ಲಿ ಜಂಗಮರಿಗೆ, ನೆಂಟರಿಗೆ ಊಟ ಹಾಕೋದು. ಅವ್ವ ಬೇಡ ಅಂದಳು. "ಲಿಂಗ ಎಲ್ಲಿದೆ ಗೊತ್ತಿಲ್ಲ, ಅವನು ಮಣ್ಣಲ್ಲಿದ್ದಾನೋ ಬೂದಿಯಾದ್ನೋ ಗೊತ್ತಿಲ್ಲ. ಯಾವ ಬಾಯಲ್ಲಿ ಲಿಂಗೈಕ್ಯ ಆದ ಅನ್ನಲಿ ಅಯ್ನೋರೆ, ಯಾರಿಗೆ ಅಂತ ಎಡೆ ಇಡಲಿ?" ಅಯ್ನೋರು ವಿಭೂತಿ ಕೊಟ್ಟು ಹೋದ್ರು. ಅವ್ವಂಗೆ ಬೇಕಾಗಿದ್ದದ್ದು ಅದೊಂದೇ ಕಣ್ರೋ. ಮಗ ಬದುಕಿ ಬರ್ತಾನೆ ಅಂತ ಅವಳಿಗೇನೂ ಭ್ರಮೆ ಇರಲಿಲ್ಲ. ಸತ್ತೋನು ಹೇಗೆ ಹೋದ, ಅವನ ಜೊತೆ ಅವನ ಲಿಂಗ ಹೋಯ್ತಾ, ಅಷ್ಟು ಗೊತ್ತಾದ್ರೆ ಸಾಕಿತ್ತು. ಅದನ್ನ ಹೇಳೋರು ಯಾರೂ ಇರಲಿಲ್ಲ. ಬರೋ ನೆಂಟರು ಎಲ್ಲಾ ಒಂದೇ ಹೇಳೋರು, ದೇಶಕ್ಕೋಸ್ಕರ ಹೋದ, ನೀನು ಪುಣ್ಯವಂತೆ, ಅಂತ. ಅವರು ಹೋದ ಮೇಲೆ ಅವ್ವ ನನ್ನ ಕೇಳೋಳು, "ಗಿರಿಜಾ, ಬೆಂಕಿ ತಾಗಿದ್ರೆ ಅವನಿಗೆ ಆಗಲ್ಲ ಅಲ್ವೇನೇ?" ಒಲೆ ಹಚ್ಚೋವಾಗ ನನಗೂ ಅದೇ ಕಣ್ಣಿಗೆ ಬರೋದು, ಅವಳಿಗೆ ಹೇಳ್ತಿರಲಿಲ್ಲ.

ಹಾಗೇ ಮಳೆಗಾಲ ಕಳೀತು, ದೀಪಾವಳಿ ಬಂತು ಹೋಯ್ತು, ನಾವು ಮಾಡಲಿಲ್ಲ. ಒಂದಿನ ಮಧ್ಯಾಹ್ನ, ಅಪ್ಪ ಮನೇಲಿದ್ದ, ಮಾವನೂ ಶಿವಮೊಗ್ಗದಿಂದ ಬಂದಿದ್ದ. ಬಾಗಿಲಲ್ಲಿ ಒಬ್ಬ ಹುಡುಗ, ಹುಡುಗ ಅಂದ್ರೆ ಮಲ್ಲಣ್ಣನ ವಾರಿಗೆಯೋನು, ಮಿಲಿಟರಿ ಬೂಟು ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದಾನೆ. ಬಾರಪ್ಪ ಅಂದ್ರೂ ಒಳಗೆ ಬರಲ್ಲ. ಹೊಸ್ತಿಲಾಚೆಯಿಂದಲೇ, "ನಾನು ಅಂತೋಣಿ ಅಂತ. ನ್ಯೂ ಟೌನು. ನಮ್ಮಪ್ಪಾನೂ ಕಾರ್ಖಾನೇನೇ. ಮಲ್ಲು ನಾನು ಒಂದೇ ಪ್ಲಟೂನು" ಅಂದ. ತಮಿಳರ ಹುಡುಗ, ಭದ್ರಾವತೀಲೇ ಹುಟ್ಟಿ ಬೆಳೆದೋನು, ಕನ್ನಡ ನಮ್ಮ ಹಾಗೇ ಮಾತಾಡೋನು. ಈಗ ರಜಾ ಸಿಕ್ಕಿತಂತೆ, ಬಂದಿದಾನೆ. ಅಪ್ಪ ಕೈ ಹಿಡಿದು ಎಳ್ಕೊಂಡು ಬಂದು ಚಾಪೆ ಮೇಲೆ ಕೂರಿಸಿದ. ಅವ್ವ ಅಡುಗೆಮನೆ ಬಾಗಿಲ ಹಿಂದೆ. ಅಂತೋಣಿ ತಲೆ ಬಗ್ಗಿಸ್ಕೊಂಡು, "ಅಮ್ಮಾ, ಟ್ರಂಕಿನಲ್ಲಿ ಒಂದು ಸಾಮಾನು ಬಂದಿರಲ್ಲ. ಬೆಳ್ಳೀದು. ಅದನ್ನ ಕಳಿಸದೇ ಇದ್ದೋನು ನಾನೇ. ಕದ್ದೆ ಅಂತ ತಿಳ್ಕೋಬೇಡಿ" ಅಂದ. ಮಾವ ಧಡಕ್ಕನೆ ಎದ್ದ. "ನೋಡಿದ್ರಾ ಭಾವ, ನಾನು ಅವತ್ತೇ ಹೇಳಲಿಲ್ವಾ?" "ಸುಮ್ನೆ ಕೂತ್ಕೊಳ್ಳೋ, ಅವನು ಮುಗಿಸ್ಲಿ" ಅಂದ ಅಪ್ಪ. ಅಪ್ಪ ದನಿ ಎತ್ತಿದ್ದು ನಾನು ಕೇಳಿದ್ದು ಅದೇ ಮೊದಲು.

ಅಂತೋಣಿ ಹೇಳಿದ. ಮೇಲಿನ ಠಾಣ್ಯಕ್ಕೆ ರೇಷನ್ನು ತುಂಬ್ಕೊಂಡು ಹೆಲಿಕಾಪ್ಟರ್ ಹೊರಟಿತ್ತಂತೆ, ಅಣ್ಣ ಅದರಲ್ಲಿದ್ದ. ಮಂಜು ಕವಿದು ದಾರಿ ಕಾಣದೆ ಗುಡ್ಡಕ್ಕೆ ಬಡೀತು. ಮಂಜು ಬಿಟ್ಟ ಮೇಲೆ ಕೆಳಗಿಂದ ನಡ್ಕೊಂಡು ಹೋದೋರಲ್ಲಿ ಅಂತೋಣಿನೂ ಒಬ್ಬ. ಬಾಗಿಲ ಹಿಂದಿಂದ ಅವ್ವ ಕೇಳಿದಳು, "ಹತ್ಕೊಂಡಿತ್ತಾ?" "ಇಲ್ಲಮ್ಮ. ಹಿಮದಲ್ಲಿ ಹೂತುಹೋಗಿತ್ತು. ಬೆಂಕಿ ತಾಗಿರಲಿಲ್ಲ. ಮಲ್ಲು ಮುಖ ಹಂಗೇ ಇತ್ತು. ಮೀಸೆ ಮೇಲೆ ಹಿಮ ಕೂತಿತ್ತು, ನಾನೇ ಒರೆಸ್ದೆ." ಮತ್ತೆ ಅವ್ವ, "ಸುಟ್ರಾ?" "ಸುಡೋಕೆ ಅಲ್ಲಿ ಏನಿದೆ ಅಮ್ಮ? ಒಂದು ಗಿಡ ಇಲ್ಲ, ಒಂದು ಕಡ್ಡಿ ಇಲ್ಲ. ಟೀ ಕಾಯಿಸೋಕೇ ಸೀಮೆಎಣ್ಣೆ ಸಾಲ್ತಿರಲಿಲ್ಲ. ಮಣ್ಣಿಗೇ ಇಟ್ವಿ, ಎಲ್ಲಾರನ್ನೂ." ಅಪ್ಪ ಮುಖ ಆ ಕಡೆ ತಿರುಗಿಸ್ಕೊಂಡ.

ಹೂಳೋ ಮುಂಚೆ ಮೈಮೇಲಿನ ಸಾಮಾನೆಲ್ಲ ತೆಗೆದು ಮನೆಗಳಿಗೆ ಕಳಿಸೋದು ಅವರ ಪದ್ಧತಿಯಂತೆ. ಸಾಹೇಬ್ರು ಅಣ್ಣನ ಕೊರಳಲ್ಲಿದ್ದ ಚೀಲ ನೋಡಿ, ಇದು ಏನೋ ತಾಯಿತ, ಇದನ್ನೂ ಕಳಿಸು ಅಂದ್ರಂತೆ. "ನಾನು, ಇಲ್ಲ ಸಾಬ್, ಇದು ತಾಯಿತ ಅಲ್ಲ, ಇದು ಇವನ ಜೊತೆಗೇ ಹೋಗ್ಬೇಕು ಅಂದೆ. ನಮ್ಮ ಕ್ವಾರ್ಟರ್ಸ್ ಲೈನಲ್ಲಿ ಪಕ್ಕದ ಮನೇಲಿ ಒಬ್ಬರು ತಾತ ಇದ್ರು ಅಮ್ಮ, ನಿಮ್ಮೋರೇ. ಅವರು ಅಂಗೈ ಮೇಲೆ ಲಿಂಗ ಇಟ್ಟು ಪೂಜೆ ಮಾಡೋವಾಗ ನಾನು ಎದುರಿಗೆ ಕೂರ್ತಿದ್ದೆ, ಮುಗಿದ ಮೇಲೆ ಕಲ್ಲುಸಕ್ಕರೆ ಕೊಡ್ತಾರೆ ಅಂತ. ಅವರು ತೀರ್ಕೊಂಡಾಗ ಕೈಯಲ್ಲಿ ಇಟ್ಟಿದ್ದು ನೋಡಿದೀನಿ. ಅದಕ್ಕೇ ಚೀಲ ಬಿಚ್ಚಿ ಮಲ್ಲು ಕೈಯಲ್ಲಿ ಇಟ್ಟು ಬೆರಳು ಮಡಚಿದೆ." ಹೇಳ್ತಾ ಹೇಳ್ತಾ ತನ್ನ ಎಡಗೈ ಮುಂದೆ ಚಾಚಿ ಮಡಚಿ ತೋರಿಸಿದ. ಎಡಗೈ, ನೋಡಿ. ಆದ್ರೆ ಮಾವ ಅಪ್ಪನ ಕಿವೀಲಿ ಹೇಳೋ ಹಾಗೆ, ಎಲ್ರಿಗೂ ಕೇಳ್ಸೋ ಹಾಗೆ, "ಪಾಪ, ಸಮಾಧಾನಕ್ಕೆ ಹೇಳ್ತಿದಾನೆ ಭಾವ. ಭದ್ರಾವತೀಲಿ ಹುಟ್ಟಿದೋನಿಗೆ ಇಷ್ಟು ಗೊತ್ತಿರಲ್ವಾ" ಅಂದ.

ಅವ್ವ ಕೇಳಿದಳು, "ಕೂರಿಸಿದ್ರಾ ಅಪ್ಪ ಅವನನ್ನ?"

ಅಂತೋಣಿ ಚಾಪೆ ಅಂಚು ಕೀಳ್ತಾ ಕೂತ. ಹೂಂ ಅಂದುಬಿಡೋ ಮಾರಾಯ ಅಂತ ನಾನು ಮನಸ್ಸಿನಲ್ಲೇ ಬೇಡ್ಕೋತಿದ್ದೀನಿ, ಹೂಂ ಅಂದ್ರೆ ಮುಗೀತಲ್ಲ. ಅವನು, "ಇಲ್ಲಮ್ಮ" ಅಂದ. "ಆ ತಾತನ್ನ ಕೂರಿಸಿದ್ದು ನನಗೆ ನೆನಪಿತ್ತು. ಆಗ್ಲಿಲ್ಲ. ನೆಲ ಕಲ್ಲಾಗಿತ್ತು, ಗುದ್ದಲಿ ಮುರೀತು. ಅಷ್ಟು ಆಳ ತೋಡೋಕೆ ಆಗ್ಲಿಲ್ಲ. ಮಲಗಿಸಿಬಿಟ್ವಿ. ಅದನ್ನ ಹೇಳೋಕೇ ನನಗೆ ನಿಮ್ಮನೆಗೆ ಬರೋಕೆ ಭಯ ಇತ್ತು." ಅವ್ವ ಬಾಗಿಲ ಹಿಂದಿಂದ ಈಚೆ ಬಂದಳು. ಬಂದು ಮಾವನ ಎದುರಿಗೆ ನಿಂತಳು. "ಸಮಾಧಾನ ಹೇಳೋಕೆ ಬಂದೋನು ಕೂರಿಸಿದ್ವಿ ಅಂತಿದ್ದ ಕಣೋ. ಇವನು ಕಂಡಿದ್ದು ಹೇಳ್ತಿದಾನೆ" ಅಂದಳು. ಮಾವ ಅವತ್ತು ಸಾಯಂಕಾಲದವರೆಗೆ ರೇಡಿಯೋ ವಾರ್ತೇನೂ ಹೇಳಲಿಲ್ಲ.

ಅಂತೋಣಿಗೆ ಈಗ ಧೈರ್ಯ ಬಂತು ಅಂತ ಕಾಣುತ್ತೆ, ತಲೆ ಎತ್ತಿ ಕೇಳ್ತಾನೆ, "ಅಮ್ಮ, ಒಂದು ಮಾತು, ಆ ಖಾಕಿ ಚೀಲ ಹೊಲಿದೋರು ಯಾರು? ಬ್ಲೇಡಿಗೂ ಜಗ್ಗಲಿಲ್ಲ. ಚಳೀಲಿ ಕೈ ಮರಗಟ್ಟಿತ್ತು, ಸಾಹೇಬ್ರು ಬೇಗ ಬೇಗ ಅಂತಾರೆ, ಹೊಲಿಗೆ ಮಾತ್ರ ಬಿಡಲ್ಲ. ಬೈಕೊಂಡುಬಿಟ್ಟೆ ಅಮ್ಮ, ತಪ್ಪು ತಿಳ್ಕೋಬೇಡಿ." ಅವ್ವ ನಕ್ಕಳು ಕಣ್ರೋ. ಅಣ್ಣ ಹೋದ ಮೇಲೆ ನಕ್ಕಿದ್ದು ಅದೇ ಮೊದಲು. ನಗ್ತಾ ನಗ್ತಾ ಅಲ್ಲೇ ಕುಸಿದು ಕೂತು ಅತ್ತಳು. "ನಾನೇ ಕಣಪ್ಪ. ಬಂದಾಗ ನಾನೇ ಬಿಚ್ತೀನಿ ಅಂದಿದ್ದೆ. ನಾನು ಬಿಚ್ಬೇಕಾಗಿದ್ದದ್ದು, ನೀನು ಬಿಚ್ಚಿದೆ." "ಒಳಗೆ ಬಿಳೀ ಪುಡಿ ಇತ್ತಮ್ಮ, ಗಟ್ಟಿ ಒಡೆದು ಪುಡಿಯಾಗಿತ್ತು. ಅದನ್ನ ಹಣೆಗೆ ಹಚ್ಚಿದೆ. ಮೂರು ಬೆರಳಲ್ಲಿ. ಸರೀನಾ?" "ಸರಿ ಕಣಪ್ಪ" ಅಂದಳು ಅವ್ವ. "ಸರಿ, ಸರಿ" ಅಂತ ಹೇಳ್ತಾನೇ ಇದ್ದಳು. ಅಪ್ಪ ಎದ್ದು ಹೊರಗೆ ಹೋಗಿ ಜಗಲಿ ಮೇಲೆ ನಿಂತ, ಟವಲು ಬಾಯಿಗೆ ಒತ್ಕೊಂಡು. ನನ್ನ ಬಗ್ಗೆ ಹೇಳ್ಬೇಕು ಅಂದ್ರೆ, ನನಗೆ ಆದದ್ದು ನಿರಾಳ. ಅಣ್ಣ ಸತ್ತಿದಾನೆ, ವಾಪಸ್ ಬರಲ್ಲ, ಎಲ್ಲಾ ಗೊತ್ತು, ಆದ್ರೂ ನಿರಾಳ. ಹಾಗನ್ನೋಕೆ ನನಗೇನೂ ನಾಚಿಕೆಯಿಲ್ಲ. ಆ ಕರಡಿಗೆ ಬರಲಿಲ್ಲ ಬರಲಿಲ್ಲ ಅಂತ ಇಷ್ಟು ದಿವಸ ಕೊರಗಿದ್ವಲ್ಲ, ಅದು ಬರದೇ ಇದ್ದದ್ದೇ ಒಳ್ಳೇದಾಗಿತ್ತು. ಬಂದಿದ್ರೆ ಅವ್ವ ಉಳೀತಿರಲಿಲ್ಲ.

ನಾನು ಕಾಫಿ ಇಡೋಣ ಅಂತ ಒಳಗೆ ಹೋದೆ. ಬೆಂಕಿಪೊಟ್ಟಣ ತಗೊಂಡಿದ್ದೆ, ಅವ್ವ ಹಿಂದಿಂದ ಬಂದು, "ಇತ್ತ ಕೊಡು, ನಿನಗೆ ಒಲೆ ಹಚ್ಚೋಕೆ ಎಲ್ಲಿ ಬರುತ್ತೆ, ಬರೀ ಹೊಗೆ ಎಬ್ಬಿಸ್ತೀಯ" ಅಂದಳು. ಒಂದು ವರ್ಷ ಹಚ್ಚಿದೋಳಿಗೆ ಹೇಳೋ ಮಾತಾ ಅದು? ನನಗೆ ಕೋಪ ಬರಲಿಲ್ಲ, ಕೊಟ್ಟೆ. ಅವ್ವ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ಕಡ್ಡಿ ಗೀರಿ, ಊದುಗೊಳವೇಲಿ ಊದಿ ಊದಿ ಹತ್ತಿಸಿದಳು. ಉರಿಯನ್ನ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಕ್ಕಿರೊಟ್ಟಿ ತಟ್ಟಿದಳು. ಆ ಹುಡುಗ ಬೆಲ್ಲದ ಕಾಫಿ ಕುಡೀತಾ ರೊಟ್ಟಿ ಮೇಲೆ ರೊಟ್ಟಿ ತಿಂದ, ಅವ್ವ ಸಾಕು ಅನ್ನೋಕೆ ಬಿಡಲಿಲ್ಲ. ಅವನು ಹೊರಡೋ ಹೊತ್ತಿಗೆ ಸಂಜೆ ಆಯ್ತು, ಹೊಳೆ ಆಚೆ ಕಿಟ್ಟ ಸುರಿದ್ರು, ಅಡುಗೆಮನೆ ಕಿಟಕಿ ತೆಗೆದೇ ಇತ್ತು, ಯಾರೂ ಹಾಕಲಿಲ್ಲ. ಮುಂದಿನ ವಾರ ಅಯ್ನೋರನ್ನ ಕರೆಸಿ ಶಿವಗಣಾರಾಧನೆ ಮಾಡಿದ್ವಿ. ಪಂಕ್ತೀಲಿ ಅಪ್ಪನ ಪಕ್ಕ ಅಂತೋಣಿ ಕೂತಿದ್ದ. ಬೇರೆ ಜಾತಿಯೋನು ಪಂಕ್ತೀಲಿ ಕೂತ ಅಂತ ಮಾವ ಒಂದು ಸಲ ಕೆಮ್ಮಿದ. ಅಯ್ನೋರೇ ಹೇಳಿದ್ರು, ನಾವು ಇಲ್ಲಿ ಮಾಡೋದು ಬರೀ ಊಟ, ಮಾಡಬೇಕಾದ್ದನ್ನ ಅಲ್ಲಿ ಈ ಹುಡುಗ ಮಾಡಿ ಮುಗಿಸಿದಾನೆ, ಅಂತ. ಮಾವನೇ ಎದ್ದು ಅವನ ಎಲೆಗೆ ತುಪ್ಪ ಬಡಿಸಿದ.

ಅಷ್ಟೇ. ಅದಕ್ಕೇ ನಾನು ಹೇಳೋದು, ಸಾವಾದ ಮನೆಗೆ ಹೋದಾಗ ದೊಡ್ಡ ದೊಡ್ಡ ಮಾತು ಆಡಬೇಡಿ, ಕಂಡಿದ್ದಿದ್ರೆ ಕಂಡಷ್ಟು ಹೇಳಿ, ಇಲ್ಲದಿದ್ರೆ ಸುಮ್ನೆ ಕೂತು ಬನ್ನಿ. ಪಕ್ಕದ ಮನೆಯೋರು ಪೂಜೆ ಮಾಡ್ತಿದ್ರೆ ಫೋನು ನೋಡ್ತಾ ದಾಟ್ಕೊಂಡು ಹೋಗ್ಬೇಡಿ, ಒಂಚೂರು ನಿಂತು ನೋಡಿ, ಕಲ್ಲುಸಕ್ಕರೆ ಕೊಟ್ರೆ ತಿನ್ನಿ. ಈಗ ಏಳಿ. ಹಿತ್ತಿಲಲ್ಲಿ ಎರಡು ಕಟ್ಟಿಗೆ ಇದ್ರೆ ತಗೊಂಡು ಬಾ ಹೋಗು, ಹೋಟ್ಲೂ ಬೇಡ ಏನೂ ಬೇಡ, ಒಲೆ ನಾನು ಹಚ್ತೀನಿ.